ವಂಡರ್ ವುಮನ್ ಮಿನಿಟ್ಸ್ ಬರೆಯುತ್ತಿದ್ದಳು

ಸೂಪರ್‌ಹೀರೋ ಸಿನಿಮಾ ಬಿಡುಗಡೆಯಾದ ವಾರ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಒಂದು ವಾದ ಇದ್ದೇ ಇರುತ್ತದೆ. ‘ಈಗ ಎಲ್ಲ ಕಡೆ ಹುಡುಗೀರನ್ನೇ ಹೀರೋ ಮಾಡ್ತಿದಾರೆ ಮಗಾ. ಮೊದಲೆಲ್ಲ ಹಿಂಗಿರಲಿಲ್ಲ, ಕಥೆ ಕಥೆ ತರ ಇತ್ತು’ ಎಂದು ಒಬ್ಬ ಶುರು ಮಾಡುತ್ತಾನೆ. ಇನ್ನೊಬ್ಬ ತಲೆಯಾಡಿಸುತ್ತಾನೆ. ಮೂರನೆಯವನು ಸುಮ್ಮನೆ ಅನ್ನ ಸಾರು ಕಲಸುತ್ತಾನೆ. ಎರಡು ವರ್ಷ ಈ ವಾದವನ್ನು ಶುರು ಮಾಡುತ್ತಿದ್ದವನು ನಾನೇ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಈ ವಾದವನ್ನು ಪುರಾವೆ ಸಮೇತ ಗೆಲ್ಲಬೇಕೆಂದು ಹಳೆಯ ಕಾಮಿಕ್ಸ್‌ಗಳ ಸಂಕಲನಗಳನ್ನು ವರ್ಷದ ಪ್ರಕಾರ ಓದಲು ಕುಳಿತೆ. ಓದಿ ಮುಗಿಯುವಷ್ಟರಲ್ಲಿ ನನ್ನ ವಾದವೇ ಸೋತಿತ್ತು. ‘ಮೊದಲು’ ಎಂದು ನಾನು ಹೇಳುತ್ತಿದ್ದ ಕಾಲ ನಾನು ಅಂದುಕೊಂಡಂತೆ ಇರಲೇ ಇಲ್ಲ. ಆಗ ಕಂಡ ಒಂದು ಸಂಗತಿ ಕಾಮಿಕ್ಸ್ ಪುಟದಿಂದ ಎದ್ದು ನೇರವಾಗಿ ನಮ್ಮ ಕಾಲೇಜಿನ ಲ್ಯಾಬಿಗೇ ಬಂತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಶಕ್ತಿ ಇದ್ದರೂ ಕಾರ್ಯದರ್ಶಿ

ವಂಡರ್ ವುಮನ್ ಮೊದಲು ಕಾಣಿಸಿಕೊಂಡಿದ್ದು 1941ರ ಕೊನೆಯಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ನ ಎಂಟನೇ ಸಂಚಿಕೆಯಲ್ಲಿ. ಸೃಷ್ಟಿಸಿದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ, ಚಿತ್ರ ಬರೆದವರು ಎಚ್.ಜಿ. ಪೀಟರ್. ರಕ್ತದೊತ್ತಡದ ಏರಿಳಿತ ನೋಡಿ ಸುಳ್ಳು ಪತ್ತೆ ಹಚ್ಚುವ ಪ್ರಯೋಗಗಳಿಂದ ಮಾರ್ಸ್ಟನ್‌ಗೆ ಹೆಸರು ಬಂದಿತ್ತು. ಕಟ್ಟಿದರೆ ಎಂಥವರ ಬಾಯಿಂದಲೂ ನಿಜ ಹೊರಡಿಸುವ ಹಗ್ಗ ಅವರ ನಾಯಕಿಯ ಕೈಯಲ್ಲಿರುವುದನ್ನು ನೋಡಿದಾಗ ಆ ಪ್ರಯೋಗಗಳು ನೆನಪಾಗದೆ ಇರುವುದಿಲ್ಲ. ಹುಡುಗಿಯರಿಗೂ ತಾವು ಹಾಗಾಗಬೇಕು ಅನ್ನಿಸುವಂಥ ಒಬ್ಬ ಬಲಶಾಲಿ ಹೆಣ್ಣು ಕಾಮಿಕ್ಸ್‌ನಲ್ಲಿ ಇರಬೇಕು ಎಂಬುದು ಅವರ ನಂಬಿಕೆ. ಆ ಕಾಲಕ್ಕೆ ಅದು ದೊಡ್ಡ ಮಾತು.

ಆದರೆ ಮರುವರ್ಷ, 1942ರಲ್ಲಿ, ಅದೇ ‘ಆಲ್ ಸ್ಟಾರ್ ಕಾಮಿಕ್ಸ್’ನಲ್ಲಿ ಅವಳನ್ನು ‘ಜಸ್ಟಿಸ್ ಸೊಸೈಟಿ’ ಎಂಬ ಸೂಪರ್‌ಹೀರೋಗಳ ಸಂಘಕ್ಕೆ ಸೇರಿಸಿಕೊಂಡರು. ಆ ಸಂಘದ ಕಥೆಗಳನ್ನು ಬರೆಯುತ್ತಿದ್ದವರು ಮಾರ್ಸ್ಟನ್ ಅಲ್ಲ, ಬೇರೆ ಲೇಖಕ. ಗುಂಡುಗಳನ್ನು ಕೈಬಳೆಯಿಂದ ತಡೆಯುವ ಈ ಹೆಣ್ಣಿಗೆ ಸಂಘ ಕೊಟ್ಟ ಹುದ್ದೆ ಯಾವುದು ಗೊತ್ತೆ? ಕಾರ್ಯದರ್ಶಿ. ಗಂಡು ಹೀರೋಗಳು ನಾಜಿಗಳ ವಿರುದ್ಧ ಹೋರಾಡಲು ಹೊರಟರೆ, ಅವಳು ಹಿಂದೆ ಉಳಿದು ಸಭೆಯ ಮಿನಿಟ್ಸ್ ನೋಡಿಕೊಳ್ಳಬೇಕು. ಅವರಲ್ಲಿ ಎಷ್ಟೋ ಮಂದಿಗಿಂತ ಅವಳೇ ಬಲಶಾಲಿ.

ಮಾರ್ಸ್ಟನ್ ಕಥೆಗಳಲ್ಲೂ ಎಲ್ಲವೂ ಸರಿಯಿತ್ತು ಎನ್ನಲಾಗದು. ಅವಳನ್ನು ಸಂಕೋಲೆಯಲ್ಲಿ ಬಿಗಿಯುವ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಗಂಡಸೊಬ್ಬ ಅವಳ ಕೈಬಳೆಗಳಿಗೆ ಸರಪಳಿ ಬೆಸೆದರೆ ಅವಳ ಶಕ್ತಿಯೇ ಹೋಗುತ್ತದೆ ಎಂಬ ನಿಯಮವೂ ಇತ್ತು. ಸಂಕೋಲೆ ಹರಿದುಕೊಳ್ಳುವುದೇ ಕಥೆಯ ಅರ್ಥ ಎಂದು ಕೆಲವರು ಹೇಳುತ್ತಾರೆ. ಕಟ್ಟಿದ ಹೆಣ್ಣನ್ನು ತೋರಿಸುವುದೇ ಉದ್ದೇಶ ಎಂದು ಇನ್ನು ಕೆಲವರು. ಎರಡೂ ನಿಜ ಇರಬಹುದು ಅನ್ನಿಸುತ್ತದೆ ನನಗೆ.

ನನ್ನನ್ನು ಹೆಚ್ಚು ಕಾಡಿದ್ದು ಪುಟದ ಒಳಗಿನ ಹೆಣ್ಣಲ್ಲ, ಹೊರಗಿದ್ದವಳು. ಹೆಸರು ಜಾಯ್ ಹಮ್ಮಲ್. ಸೆಕ್ರೆಟರಿ ಕೆಲಸ ಕಲಿಸುವ ಶಾಲೆಯೊಂದರಲ್ಲಿ ಮಾರ್ಸ್ಟನ್ ಅವರ ಮನಶ್ಶಾಸ್ತ್ರ ತರಗತಿಯ ವಿದ್ಯಾರ್ಥಿನಿ. 1944ರಲ್ಲಿ ಮಾರ್ಸ್ಟನ್ ಆಕೆಯನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಆಗ ಆಕೆಗೆ ಹೆಚ್ಚು ಕಡಿಮೆ ನನ್ನ ವಯಸ್ಸು. ಮಾರ್ಸ್ಟನ್ ಕಾಯಿಲೆ ಬಿದ್ದ ಮೇಲೆ ವಂಡರ್ ವುಮನ್ ಕಥೆಗಳನ್ನು ಆಕೆಯೇ ಬರೆಯತೊಡಗಿದರು. ಒಂದೆರಡಲ್ಲ, 70ಕ್ಕೂ ಹೆಚ್ಚು. ಅಚ್ಚಾಗಿದ್ದು ಮಾತ್ರ ‘ಚಾರ್ಲ್ಸ್ ಮೌಲ್ಟನ್’ ಎಂಬ ಗಂಡು ಹೆಸರಿನಲ್ಲಿ. ಆಕೆಯ ಕೆಲಸವನ್ನು ಗುರುತಿಸಿ ಕಾಮಿಕ್ಸ್ ಲೇಖಕರಿಗೆ ಕೊಡುವ ಬಿಲ್ ಫಿಂಗರ್ ಪ್ರಶಸ್ತಿ ಸಿಕ್ಕಿದ್ದು 2018ರಲ್ಲಿ. ಆಗ ಆಕೆಗೆ ತೊಂಬತ್ತು ದಾಟಿತ್ತು.

ಅಂದರೆ ಕಥೆಯೊಳಗಿನ ಬಲಶಾಲಿ ಹೆಣ್ಣು ಕಾರ್ಯದರ್ಶಿ. ಸೆಕ್ರೆಟರಿ ಶಾಲೆಯಿಂದ ಬಂದು ಕಥೆ ಬರೆಯುತ್ತಿದ್ದ ನಿಜವಾದ ಹೆಣ್ಣಿಗೆ ಹೆಸರೇ ಇಲ್ಲ.

ಹೆಸರಿನ ಮಾತು ಬಂದಿದ್ದರಿಂದ ಇನ್ನೊಂದು. ವಂಡರ್ ವುಮನ್‌ಗಿಂತ ಕೆಲವು ತಿಂಗಳು ಮೊದಲು, 1941ರ ಏಪ್ರಿಲ್‌ನಲ್ಲಿ, ‘ಮಿಸ್ ಫ್ಯೂರಿ’ ಎಂಬ ವೇಷಧಾರಿ ನಾಯಕಿ ಪತ್ರಿಕೆಗಳ ಚಿತ್ರಕಥೆಯಲ್ಲಿ ಬಂದಿದ್ದಳು. ಬರೆದು ಚಿತ್ರಿಸಿದವರು ಟಾರ್ಪೆ ಮಿಲ್ಸ್ ಎಂಬ ಮಹಿಳೆ. ಆಕೆಯ ಹೆಸರಿನ ಮೊದಲ ಪದ ‘ಜೂನ್’. ಅದನ್ನು ಇಟ್ಟುಕೊಂಡರೆ ಬರೆದಿದ್ದು ಹೆಂಗಸು ಎಂದು ಓದುಗರಿಗೆ ಗೊತ್ತಾಗುತ್ತದೆಂದು ಆಕೆ ಅದನ್ನೇ ಬಿಟ್ಟುಬಿಟ್ಟರು.

ಮೇಲೆ ಹೋಗಿ ಕೆಳಗಿಳಿದ ಗೆರೆ

ಕಾಲ ಸರಿದಂತೆ ಎಲ್ಲವೂ ತಾನಾಗಿ ಸುಧಾರಿಸುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಗ್ರಾಫ್ ಹಾಕಿದರೆ ಗೆರೆ ಎಡದಿಂದ ಬಲಕ್ಕೆ ಏರುತ್ತಲೇ ಹೋಗಬೇಕು. ಕಾಮಿಕ್ಸ್‌ನಲ್ಲಿ ಹಾಗಾಗಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಸರು ಯುದ್ಧಕ್ಕೆ ಹೋದರು, ಅಮೆರಿಕದ ಹೆಂಗಸರು ಕಾರ್ಖಾನೆಗಳಿಗೆ ಬಂದರು. ಬಲಶಾಲಿ ನಾಯಕಿ ಆಗ ಬೇಕಿದ್ದಳು. ಯುದ್ಧ ಮುಗಿದು ಗಂಡಸರು ಹಿಂದಿರುಗಿದ ಮೇಲೆ ಹೆಂಗಸರನ್ನು ಮತ್ತೆ ಮನೆಗೆ ಕಳಿಸುವ ಮಾತು ಶುರುವಾಯಿತು. ಮಾರ್ಸ್ಟನ್ 1947ರಲ್ಲಿ ತೀರಿಕೊಂಡರು. ಆಮೇಲಿನ ವಂಡರ್ ವುಮನ್ ಮದುವೆಯ ಯೋಚನೆಯಲ್ಲೇ ಹೆಚ್ಚು ಕಾಲ ಕಳೆಯುತ್ತಾಳೆ. ಅವಳ ಪುಸ್ತಕದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರಂಥ ಸಾಧಕಿಯರ ಬದುಕನ್ನು ಹೇಳುವ ಅಂಕಣವೊಂದು ಬರುತ್ತಿತ್ತು. 1950ರ ದಶಕದಲ್ಲಿ ಅದು ನಿಂತುಹೋಯಿತು. ಅದರ ಬದಲು ಬಂದಿದ್ದು ಲೋಕದ ನಾನಾ ಕಡೆಯ ಮದುವೆಯ ಪದ್ಧತಿಗಳ ಪುಟ.

1954ರಲ್ಲಿ ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದು ಪುಸ್ತಕ ಬರೆದರು. ಅಮೆರಿಕದ ಸೆನೆಟ್ ಸಮಿತಿ ವಿಚಾರಣೆಯನ್ನೂ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಹಾಕಿಕೊಂಡರು. ಹೆಣ್ಣಿನ ದೇಹವನ್ನು ಉತ್ಪ್ರೇಕ್ಷೆಯಿಂದ ಬರೆಯಬಾರದು ಎಂಬುದು ಅದರ ಒಂದು ನಿಯಮ. ಒಳ್ಳೆಯದೇ. ಪ್ರೇಮಕಥೆಗಳು ಮನೆಯ ಮೌಲ್ಯವನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿ ಹಿಡಿಯಬೇಕು ಎಂಬುದು ಇನ್ನೊಂದು. ಒಂದೇ ಕಾಗದ ಅವಳ ಮೈಯನ್ನು ಮುಚ್ಚಿತು, ಅವಳನ್ನು ಮನೆಯೊಳಗೂ ಕೂರಿಸಿತು.

ಆಮೇಲೆ ಬಂದ ನಾಯಕಿಯರನ್ನು ನೋಡಿ. 1956ರ ಬ್ಯಾಟ್‌ವುಮನ್ ಕೈಯಲ್ಲಿ ವ್ಯಾನಿಟಿ ಬ್ಯಾಗು. ಅದರಲ್ಲಿ ಲಿಪ್‌ಸ್ಟಿಕ್ಕು, ಪೌಡರಿನಂಥ ಸಾಮಾನುಗಳ ರೂಪದಲ್ಲಿ ಆಯುಧಗಳು. 1959ರಲ್ಲಿ ಬಂದ ಸೂಪರ್‌ಗರ್ಲ್‌ಗೆ ಸೂಪರ್‌ಮ್ಯಾನ್‌ಗೆ ಇರುವಂಥ ಶಕ್ತಿಗಳೇ ಇದ್ದವು. ಆದರೆ ಅವನು ಅವಳನ್ನು ಅನಾಥಾಲಯದಲ್ಲಿ ಇರಿಸಿ, ತಾನು ಹೇಳುವವರೆಗೆ ಯಾರ ಕಣ್ಣಿಗೂ ಬೀಳಬಾರದು ಎಂದು ಕಟ್ಟಪ್ಪಣೆ ಮಾಡಿದ. ಲೋಕದ ಮುಂದೆ ಅವಳು ಬಂದಿದ್ದು 1962ರಲ್ಲಿ. 1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಬಂತು. ತಂಡದಲ್ಲಿ ನಾಲ್ವರು. ಒಬ್ಬ ರಬ್ಬರಿನಂತೆ ಹಿಗ್ಗುತ್ತಾನೆ, ಒಬ್ಬ ಬೆಂಕಿಯಾಗುತ್ತಾನೆ, ಒಬ್ಬ ಬಂಡೆಯಾಗುತ್ತಾನೆ. ತಂಡದ ಒಬ್ಬಳೇ ಹೆಣ್ಣು ಸ್ಯೂ ಸ್ಟಾರ್ಮ್‌ಗೆ ಸಿಕ್ಕ ಶಕ್ತಿ ಕಾಣಿಸದೇ ಇರುವುದು. ಹೆಸರೂ ‘ಇನ್‌ವಿಸಿಬಲ್ ಗರ್ಲ್’. 1964ರಲ್ಲಿ ಅದೃಶ್ಯ ಕವಚ ಕಟ್ಟುವ ಶಕ್ತಿ ಬಂದ ಮೇಲೆ ಅವಳು ತಂಡದ ಅತಿ ಬಲಶಾಲಿಗಳಲ್ಲಿ ಒಬ್ಬಳಾದಳು. ಆದರೂ ‘ಗರ್ಲ್’ ಹೋಗಿ ‘ವುಮನ್’ ಆಗಲು 1985ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅವಳಿಗೆ ಮದುವೆಯಾಗಿ ಮಗುವೂ ಆಗಿತ್ತು.

1968ರಲ್ಲಿ ವಂಡರ್ ವುಮನ್ ಶಕ್ತಿಗಳನ್ನೆಲ್ಲ ಬಿಟ್ಟುಕೊಟ್ಟು ಬಟ್ಟೆ ಅಂಗಡಿ ಇಟ್ಟಳು. ಬರೆದವರು ಅದನ್ನು ಕಾಲಕ್ಕೆ ತಕ್ಕ ಬದಲಾವಣೆ ಎಂದೇ ತಿಳಿದಿದ್ದರು. ಆದರೆ ಸಣ್ಣವರಿದ್ದಾಗ ಅವಳ ಕಥೆ ಓದಿ ಬೆಳೆದ ಹೆಂಗಸರು ಈಗ ಮಹಿಳಾ ಚಳವಳಿಯಲ್ಲಿದ್ದರು. ಅವರಲ್ಲಿ ಒಬ್ಬರಾದ ಗ್ಲೋರಿಯಾ ಸ್ಟೈನೆಮ್ ತಮ್ಮ ‘ಮಿಸ್’ ಪತ್ರಿಕೆಯ 1972ರ ಜುಲೈ ಸಂಚಿಕೆಯ ಮುಖಪುಟಕ್ಕೆ ಹಳೆಯ ಉಡುಪಿನ, ಶಕ್ತಿವಂತ ವಂಡರ್ ವುಮನ್ ಚಿತ್ರವನ್ನೇ ಹಾಕಿದರು. 1973ರ ಆರಂಭದಲ್ಲಿ ಅವಳ ಶಕ್ತಿಗಳು ವಾಪಸು ಬಂದವು. ಈ ಬದಲಾವಣೆ ಪ್ರಕಾಶಕರಿಗೆ ತಾನಾಗಿ ಹೊಳೆದದ್ದಲ್ಲ. ಓದುಗರು ಕೇಳಿದ್ದರು.

ಫ್ರಿಜ್ಜಿನ ಪಟ್ಟಿ

1970ರ ದಶಕದ ನಂತರ ಒಳ್ಳೆಯ ಪಾತ್ರಗಳು ಬಂದವು. 1975ರಲ್ಲಿ ‘ಎಕ್ಸ್-ಮೆನ್’ ತಂಡಕ್ಕೆ ಸೇರಿದ ಸ್ಟಾರ್ಮ್ ನನಗೆ ಎಲ್ಲರಿಗಿಂತ ಇಷ್ಟ. ಗಾಳಿ ಮಳೆಯನ್ನು ಆಳುವ ಕಪ್ಪು ಮಹಿಳೆ. ಮುಂದೆ ಇಡೀ ತಂಡದ ನಾಯಕಿಯಾದಳು. 1986ರ ಒಂದು ಕಥೆಯಲ್ಲಿ ನಾಯಕತ್ವಕ್ಕಾಗಿ ಅವಳಿಗೂ ಸೈಕ್ಲಾಪ್ಸ್‌ಗೂ ಸ್ಪರ್ಧೆ. ಆ ಹೊತ್ತಿಗೆ ಅವಳ ಶಕ್ತಿಗಳು ಹೋಗಿದ್ದವು. ಆದರೂ ಗೆದ್ದಳು. ನಾಯಕತ್ವ ಬೇರೆ, ಶಕ್ತಿ ಬೇರೆ ಎಂದು ಮ್ಯಾನೇಜ್‌ಮೆಂಟ್ ಪಠ್ಯಪುಸ್ತಕ ಹೇಳುವುದಕ್ಕಿಂತ ಚೆನ್ನಾಗಿ ಆ ಕಥೆ ಹೇಳುತ್ತದೆ.

ಆದರೆ ಗೆರೆ ಮತ್ತೆ ಕೆಳಗಿಳಿಯಿತು. ಅದಕ್ಕೆ ಮಾರುಕಟ್ಟೆಯೂ ಒಂದು ಕಾರಣ. ಮೊದಲು ಕಾಮಿಕ್ಸ್ ಪತ್ರಿಕೆ ಮಾರುವ ಅಂಗಡಿಗಳಲ್ಲಿ ಸಿಗುತ್ತಿದ್ದವು, ಯಾರು ಬೇಕಾದರೂ ಕೊಳ್ಳುತ್ತಿದ್ದರು. 70-80ರ ದಶಕಗಳಲ್ಲಿ ಮಾರಾಟ ಮೆಲ್ಲಗೆ ಕಾಮಿಕ್ಸ್‌ಗೆಂದೇ ಇದ್ದ ಅಂಗಡಿಗಳಿಗೆ ಸರಿಯಿತು. ಅಲ್ಲಿಗೆ ಹೆಚ್ಚಾಗಿ ಹೋಗುತ್ತಿದ್ದವರು ಹುಡುಗರು, ಗಂಡಸರು. ಯಾರು ಕೊಳ್ಳುತ್ತಾರೋ ಅವರಿಗಾಗಿ ಬರೆಯುವುದು, ಹಾಗೆ ಬರೆದದ್ದನ್ನು ಅವರೇ ಕೊಳ್ಳುವುದು. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಮೇಷ್ಟ್ರು ಇದನ್ನು ಪಾಸಿಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ತಡೆಯದಿದ್ದರೆ ಸಿಸ್ಟಮ್ ಕೈತಪ್ಪುತ್ತದೆ. 90ರ ದಶಕದ ಪುಟಗಳನ್ನು ನೋಡಿದರೆ ಕೈತಪ್ಪಿದ್ದು ಹೇಗೆಂದು ತಿಳಿಯುತ್ತದೆ. ಹೊಡೆದಾಡುವ ಹೆಣ್ಣು ಎದೆಯನ್ನೂ ಸೊಂಟವನ್ನೂ ಏಕಕಾಲಕ್ಕೆ ಓದುಗನ ಕಡೆ ತಿರುಗಿಸಿ ನಿಂತಿರುತ್ತಾಳೆ. ಬೆನ್ನುಮೂಳೆ ಮುರಿಯದೆ ಹಾಗೆ ನಿಲ್ಲಲು ಸಾಧ್ಯವಿಲ್ಲ.

ಉಡುಪಿಗಿಂತ ದೊಡ್ಡ ತೊಂದರೆ ಕಥೆಯಲ್ಲಿತ್ತು. 1994ರ ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯೊಂದರಲ್ಲಿ ನಾಯಕ ಮನೆಗೆ ಬಂದಾಗ ಅವನ ಗೆಳತಿ ಅಲೆಕ್ಸ್‌ಳನ್ನು ಖಳನಾಯಕ ಕೊಂದು ಫ್ರಿಜ್ಜಿನೊಳಗೆ ತುರುಕಿರುತ್ತಾನೆ. ಅವಳು ಸತ್ತಿದ್ದು ಯಾಕೆ? ನಾಯಕನಿಗೆ ಸಿಟ್ಟು ಬರಲಿ ಎಂದು. ಅವಳ ಕೆಲಸ ಅಷ್ಟಕ್ಕೇ ಮುಗಿಯಿತು. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಿ, ಹೀಗೆ ಕೊಲೆಯಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ಕಾಮಿಕ್ಸ್ ಹೆಣ್ಣುಗಳ ಪಟ್ಟಿ ಮಾಡಿದರು. ಹೆಸರು ‘ಫ್ರಿಜ್ಜಿನಲ್ಲಿರುವ ಹೆಂಗಸರು’. ಅದು ಉದ್ದದ ಪಟ್ಟಿ. ಸಿಮೋನ್ ಮುಂದೆ ಕಾಮಿಕ್ಸ್ ಲೇಖಕಿಯಾಗಿ ವಂಡರ್ ವುಮನ್ ಕಥೆಗಳನ್ನೇ ಬರೆದರು.

ಆ ಪಟ್ಟಿಯಲ್ಲಿದ್ದ ಒಬ್ಬಳು ಬಾರ್ಬರಾ ಗಾರ್ಡನ್, ಅಂದರೆ ಬ್ಯಾಟ್‌ಗರ್ಲ್. 1988ರ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಜೋಕರ್ ಅವಳಿಗೆ ಗುಂಡು ಹೊಡೆಯುತ್ತಾನೆ. ಬೆನ್ನುಮೂಳೆಗೆ ಪೆಟ್ಟು ಬಿದ್ದು ನಡೆಯಲಾಗುವುದಿಲ್ಲ. ಅವಳ ಅಪ್ಪನ ಮನಸ್ಸನ್ನು ಮುರಿಯಲು ಅವಳೊಂದು ಸಾಧನ, ಅಷ್ಟೆ. ಕಥೆ ಅಪ್ಪನದು, ಬ್ಯಾಟ್‌ಮ್ಯಾನ್‌ನದು, ಜೋಕರ್‌ನದು. ಕಿಮ್ ಯೇಲ್ ಮತ್ತು ಜಾನ್ ಓಸ್ಟ್ರಾಂಡರ್ ಎಂಬ ಲೇಖಕ ದಂಪತಿಗೆ ಇದು ಸರಿಬರಲಿಲ್ಲ. ಮರುವರ್ಷವೇ ಅವರು ಅವಳನ್ನು ‘ಒರಾಕಲ್’ ಆಗಿ ತಂದರು. ಗಾಲಿಕುರ್ಚಿಯಲ್ಲಿ ಕೂತು, ಕಂಪ್ಯೂಟರ್ ಮೂಲಕ ಇಡೀ ನಗರದ ಮಾಹಿತಿ ಕಲೆಹಾಕಿ, ಹೀರೋಗಳಿಗೆ ದಾರಿ ಹೇಳುವ ಪರಿಣತೆ. ಬ್ಯಾಟ್‌ಮ್ಯಾನ್ ಕೂಡ ಅವಳನ್ನು ಕೇಳಿಕೊಂಡು ಹೊರಡಬೇಕು. ಮಿನಿಟ್ಸ್ ಬರೆಯುವ ಕುರ್ಚಿಗೂ ಈ ಕುರ್ಚಿಗೂ ಇರುವ ವ್ಯತ್ಯಾಸ ನೋಡಿ. ಇಬ್ಬರೂ ಕೂತೇ ಇದ್ದಾರೆ. ಆದರೆ ಒಬ್ಬಳು ಬೇರೆಯವರ ತೀರ್ಮಾನ ಬರೆದುಕೊಳ್ಳುತ್ತಾಳೆ, ಇನ್ನೊಬ್ಬಳು ತೀರ್ಮಾನ ಕೊಡುತ್ತಾಳೆ.

ಗಂಡು ಹೀರೋಗಳ ಮೈಯೂ ಹಾಗೇ ಅಲ್ಲವೆ?

ಇಲ್ಲಿಗೆ ಬಂದಾಗ ನನ್ನ ಮೆಸ್ ಗೆಳೆಯರು ಒಂದು ಪ್ರಶ್ನೆ ಎತ್ತುತ್ತಾರೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ‘ಗಂಡು ಹೀರೋಗಳಿಗೂ ಇಲ್ಲದ ಸಿಕ್ಸ್‌ಪ್ಯಾಕ್ ಬರೀತಾರಲ್ಲ, ಅದು ಮಾತ್ರ ಸರೀನಾ?’

ಉತ್ಪ್ರೇಕ್ಷೆ ಎರಡೂ ಕಡೆ ಇದೆ, ನಿಜ. ಆದರೆ ಸೂಪರ್‌ಮ್ಯಾನ್‌ನ ಭುಜ ನೋಡಿದ ಹುಡುಗ ‘ನಾನೂ ಹಾಗಾಗಬೇಕು’ ಅಂದುಕೊಳ್ಳುತ್ತಾನೆ. 90ರ ದಶಕದ ನಾಯಕಿಯ ಚಿತ್ರವನ್ನು ಅವಳಂತೆ ಆಗಬೇಕೆನ್ನುವ ಹುಡುಗಿಗಾಗಿ ಬರೆದಿರಲಿಲ್ಲ. ಅವಳನ್ನು ನೋಡುವ ಹುಡುಗನಿಗಾಗಿ ಬರೆದಿದ್ದರು. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. 2012ರಲ್ಲಿ ಕೆಲವು ಚಿತ್ರಕಾರರು, ಓದುಗರು ಸೇರಿ ನಾಯಕಿಯರ ಭಂಗಿಗಳಲ್ಲಿ ಬಿಲ್ಲುಗಾರ ಹಾಕ್‌ಐಯನ್ನು ಬರೆಯತೊಡಗಿದರು. ಅದೇ ಸೊಂಟ, ಅದೇ ತಿರುವು. ನೋಡಿದವರೆಲ್ಲ ನಕ್ಕರು. ಗಂಡಿಗೆ ಹಾಕಿದ ಕೂಡಲೇ ನಗು ಬರುವ ಭಂಗಿ ಹೆಣ್ಣಿಗೆ ಹಾಕಿದಾಗ ನಮಗೆ ಸಹಜವಾಗಿ ಕಂಡಿದ್ದು ಹೇಗೆ?

ಎರಡನೇ ಆಕ್ಷೇಪ: ‘ಹೊಸ ನಾಯಕಿಯರನ್ನು ಮಾಡಲಿ, ಹಳೆಯ ಹೀರೋಗಳ ಜಾಗದಲ್ಲಿ ಯಾಕೆ ಕೂರಿಸಬೇಕು?’ 2014ರಲ್ಲಿ ಥಾರ್‌ನ ಸುತ್ತಿಗೆ ಹೆಣ್ಣಿನ ಕೈಗೆ ಹೋದಾಗ ಎದ್ದ ಗಲಾಟೆಯೂ ಇದೇ. ಆ ಹೆಣ್ಣು ಜೇನ್ ಫಾಸ್ಟರ್. 1962ರಲ್ಲಿ ಥಾರ್‌ಗೆ ಮನಸೋತ ನರ್ಸ್ ಆಗಿ ಬಂದವಳು. ಹೊಸ ಕಥೆಯಲ್ಲಿ ಅವಳಿಗೆ ಕ್ಯಾನ್ಸರ್. ಸುತ್ತಿಗೆ ಎತ್ತಿ ಥಾರ್ ಆದಾಗಲೆಲ್ಲ ಕೀಮೋ ಔಷಧವೂ ವಿಷವೆಂದು ಮೈಯಿಂದ ಹೊರಹೋಗುತ್ತದೆ, ಕ್ಯಾನ್ಸರ್ ಮಾತ್ರ ಉಳಿಯುತ್ತದೆ. ಬೇರೆಯವರನ್ನು ಕಾಪಾಡಿದಷ್ಟೂ ತಾನು ಸಾವಿಗೆ ಹತ್ತಿರವಾಗುತ್ತಾಳೆ. ಗಂಡು ಥಾರ್‌ನ ಕಥೆಗಳಲ್ಲಿ ಇಂಥ ಇಕ್ಕಟ್ಟನ್ನು ನಾನು ಓದಿಲ್ಲ. ಜಾಗ ಹಳೆಯದೇ, ಕಥೆ ಹೊಸದು. ಹಾಗಿದ್ದ ಮೇಲೆ ಜಗಳ ಏನಕ್ಕೆ? ಕಥೆ ಹೊಸದಾಗದೆ ಹೆಸರಿನ ಹಲಗೆ ಮಾತ್ರ ಬದಲಾದ ಪುಸ್ತಕಗಳೂ ಇವೆ. ಅವುಗಳನ್ನು ಕಳಪೆ ಎನ್ನಲು ನನಗೂ ಅಡ್ಡಿಯಿಲ್ಲ. ಗಂಡು ಹೀರೋಗಳ ಕಳಪೆ ಪುಸ್ತಕಗಳೂ ರಾಶಿ ಇವೆ, ಅವನ್ನು ಯಾರೂ ‘ಗಂಡಸರನ್ನು ತುರುಕಿದ್ದಾರೆ’ ಎನ್ನುವುದಿಲ್ಲ.

ತನ್ನದೇ ಮುಖ

ಈಚಿನ ವರ್ಷಗಳಲ್ಲಿ ನಿಜಕ್ಕೂ ಬದಲಾಗಿದ್ದು ಏನು? ಬರೆಯುವವರು ಬದಲಾಗುತ್ತಿದ್ದಾರೆ. 2012ರಲ್ಲಿ ಕೆಲ್ಲಿ ಸ್ಯೂ ಡಿಕಾನಿಕ್ ಬರೆದ ಕಥೆಯಲ್ಲಿ ಕ್ಯಾರಲ್ ಡ್ಯಾನ್ವರ್ಸ್ ‘ಕ್ಯಾಪ್ಟನ್ ಮಾರ್ವೆಲ್’ ಆದಳು. ವಾಯುಪಡೆಯ ಪೈಲಟ್ ಆಗಿದ್ದ ಅವಳಿಗೆ ಅಷ್ಟು ವರ್ಷ ಈಜುಡುಗೆಯಂಥ ವೇಷವಿತ್ತು. ಈಗ ಪೈಲಟ್ ತೊಡುವಂಥ ಮೈತುಂಬ ಉಡುಪು ಬಂತು. ಕೆಲಸಕ್ಕೆ ತಕ್ಕ ಬಟ್ಟೆ.

2014ರಲ್ಲಿ ಬಂದ ‘ಮಿಸ್ ಮಾರ್ವೆಲ್’ ಕಮಲಾ ಖಾನ್ ಇನ್ನೂ ಮುಂದೆ ಹೋದಳು. ಅಮೆರಿಕದ ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಕುಟುಂಬದ ಹದಿನಾರರ ಹುಡುಗಿ. ಲೇಖಕಿ ಜಿ. ವಿಲ್ಲೋ ವಿಲ್ಸನ್, ಸಂಪಾದಕಿ ಸನಾ ಅಮಾನತ್. ಶಕ್ತಿ ಬಂದ ಮೊದಲ ದಿನ ಕಮಲಾ ಹೊಂಬಣ್ಣದ ಕೂದಲಿನ ಬಿಳಿ ಹೆಣ್ಣಾಗಿ ರೂಪ ಬದಲಿಸುತ್ತಾಳೆ. ಯಾಕೆಂದರೆ ಅವಳು ನೋಡಿದ್ದ ನಾಯಕಿ ಹಾಗಿದ್ದಳು. ಆ ರೂಪದಲ್ಲಿ ಬೂಟು ಕಚ್ಚುತ್ತದೆ, ಬಟ್ಟೆ ಹಿಂಸೆಯಾಗುತ್ತದೆ. ಆಮೇಲೆ ತನ್ನದೇ ಮುಖದಲ್ಲಿ, ಬುರ್ಕಿನಿಯಿಂದ ತಾನೇ ಮಾಡಿಕೊಂಡ ವೇಷದಲ್ಲಿ ಬರುತ್ತಾಳೆ. ಮನೆಯಲ್ಲಿ ಅಮ್ಮನ ಬೈಗುಳ, ರಾತ್ರಿ ಹೊರಗೆ ಹೋಗಲು ಅಪ್ಪನ ಅನುಮತಿ. ನಮ್ಮ ಬೀದಿಯ ಯಾವ ಹುಡುಗಿಗೂ ಅದು ಅರ್ಥವಾಗುತ್ತದೆ. ಪುಸ್ತಕ ಹಲವು ಸಲ ಮರುಮುದ್ರಣವಾಯಿತು, 2015ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಇಂಥ ಕಥೆ ಯಾರಿಗೂ ಬೇಡ ಎನ್ನುವ ಮಾತಿಗೆ ಅದೇ ಉತ್ತರ.

ನಮ್ಮ ದೇಶದಲ್ಲೂ ಒಂದು ಪ್ರಯತ್ನ ನಡೆದಿದೆ. 2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ ರಾಮ್ ದೇವಿನೇನಿ ‘ಪ್ರಿಯಾಸ್ ಶಕ್ತಿ’ ಎಂಬ ಕಾಮಿಕ್ಸ್ ತಂದರು. ಅತ್ಯಾಚಾರಕ್ಕೊಳಗಾದ ಹಳ್ಳಿಯ ಹುಡುಗಿ ಹುಲಿಯ ಮೇಲೆ ಕೂತು ಊರಿಗೆ ಹಿಂದಿರುಗುತ್ತಾಳೆ. ಫ್ರಿಜ್ಜಿನ ಪಟ್ಟಿಗೆ ಇದಕ್ಕಿಂತ ನೇರ ಉತ್ತರ ಇರಲಾರದು: ನೋವು ಅವಳದು, ಹಾಗಾಗಿ ಕಥೆಯೂ ಅವಳದು. ಅದಕ್ಕೂ ಮೊದಲು, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಅಮರ ಚಿತ್ರ ಕಥೆ’ಯಲ್ಲಿ ಒಂದು ಕಡೆ ಗಂಡನಿಗಾಗಿ ಯಮನ ಹಿಂದೆ ಹೋದ ಸಾವಿತ್ರಿ, ಇನ್ನೊಂದು ಕಡೆ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇಬ್ಬರೂ ಇದ್ದರು. ನಮ್ಮ ಮನೆಗಳಲ್ಲಿ ಯಾವ ಪುಸ್ತಕವನ್ನು ಯಾರ ಕೈಗೆ ಕೊಟ್ಟರು ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹಾಗೆಂದು ಎಲ್ಲ ಸರಿಹೋಯಿತು ಎನ್ನಲಾರೆ. 2016ರಲ್ಲಿ ರಿರಿ ವಿಲಿಯಮ್ಸ್ ಎಂಬ ಪಾತ್ರ ಐರನ್ ಮ್ಯಾನ್ ಪುಸ್ತಕಕ್ಕೆ ಬಂತು. ಎಂಐಟಿಯಲ್ಲಿ ಓದುವ, ಐರನ್ ಮ್ಯಾನ್ ಕವಚವನ್ನು ತಾನೇ ಬಿಡಿಬಿಡಿಯಾಗಿ ಅರ್ಥ ಮಾಡಿಕೊಂಡು ಕಟ್ಟಿದ ಹದಿನೈದರ ಕಪ್ಪು ಹುಡುಗಿ. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಹೀರೋ ಬೇಕೆ? ಆದರೆ ಅವಳ ಪುಸ್ತಕಕ್ಕೆ ಬರೆಸಿದ ಒಂದು ವಿಶೇಷ ಮುಖಪುಟದಲ್ಲಿ ಆ ಬಾಲಕಿಯ ಮೈಯೇ ಎದ್ದು ಕಾಣುವಂತಿತ್ತು. ವಿರೋಧ ಬಂದ ಮೇಲೆ ಹಿಂತೆಗೆದುಕೊಂಡರು. ಅದೇ ವರ್ಷ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿತು. ಅಲ್ಲಿನ ಸಿಬ್ಬಂದಿಯೇ ಪ್ರತಿಭಟಿಸಿದರು, ಎರಡು ತಿಂಗಳೂ ತುಂಬುವ ಮೊದಲೇ ಆ ಪದವಿ ಮುಗಿಯಿತು. ಕಾಲ್ಪನಿಕ ಹೆಣ್ಣಿಗೆ ಪದವಿ ಕೊಡುವುದು ಸುಲಭ, ನಿಜವಾದ ಹೆಣ್ಣಿಗೆ ಕಷ್ಟ ಎಂಬುದು ಅವರ ಸಿಟ್ಟಿನಲ್ಲಿತ್ತು.

ನಮ್ಮ ಲ್ಯಾಬಿನ ಮಿನಿಟ್ಸ್

ಈಗ ಕೊನೆಗೆ ಹೇಳುತ್ತೇನೆಂದ ಸಂಗತಿ.

ಐದನೇ ಸೆಮಿಸ್ಟರ್‌ನಲ್ಲಿ ನಮ್ಮದು ನಾಲ್ವರ ಮಿನಿ ಪ್ರಾಜೆಕ್ಟ್. ಮಣ್ಣಿನ ತೇವ ನೋಡಿ ಪಂಪ್ ತಾನೇ ಆನ್-ಆಫ್ ಆಗುವ ವ್ಯವಸ್ಥೆ. ಮೂವರು ಹುಡುಗರು, ಒಬ್ಬಳು ಹುಡುಗಿ. ಲೀಡರ್ ನಾನು. ಮೊದಲ ದಿನವೇ ಕೆಲಸ ಹಂಚಿದೆ: ಹಾರ್ಡ್‌ವೇರ್ ಒಬ್ಬನಿಗೆ, ಕೋಡಿಂಗ್ ನನಗೆ, ಟೆಸ್ಟಿಂಗ್ ಇನ್ನೊಬ್ಬನಿಗೆ. ‘ರಿಪೋರ್ಟ್, ಪಿಪಿಟಿ ನೀನು ಮಾಡು. ನಿನ್ನ ಇಂಗ್ಲಿಷ್ ಚೆನ್ನಾಗಿದೆ’ ಎಂದು ಅವಳಿಗೆ ಹೇಳಿದೆ. ಹೊಗಳುತ್ತಿದ್ದೇನೆ ಎಂದೇ ನಾನು ಅಂದುಕೊಂಡಿದ್ದೆ.

ಡೆಮೊಗೆ ನಾಲ್ಕು ದಿನ ಇರುವಾಗ ಮೋಟಾರ್ ಆನ್ ಆದ ಕೂಡಲೇ ಸೆನ್ಸರ್ ರೀಡಿಂಗ್ ಮನಸ್ಸಿಗೆ ಬಂದಂತೆ ಕುಣಿಯತೊಡಗಿತು. ಎರಡು ರಾತ್ರಿ ನಾನು ಕೋಡ್ ತಿದ್ದಿದೆ. ಪ್ರಯೋಜನವಾಗಲಿಲ್ಲ. ರಿಪೋರ್ಟ್‌ಗೆ ಸರ್ಕ್ಯೂಟ್ ಚಿತ್ರ ಬರೆಯುತ್ತಿದ್ದ ಅವಳು ‘ಕೋಡ್ ಬಿಡೋ. ಮೋಟಾರಿಗೂ ಬೋರ್ಡಿಗೂ ಒಂದೇ ಸಪ್ಲೈ ಕೊಟ್ಟಿದೀರಲ್ಲ, ಮೋಟಾರ್ ಎಳೆದಾಗ ವೋಲ್ಟೇಜ್ ಬೀಳ್ತಿದೆ’ ಎಂದಳು. ಮಲ್ಟಿಮೀಟರ್ ಇಟ್ಟು ತೋರಿಸಿದಳು. ಬೇರೆ ಸಪ್ಲೈ ಕೊಟ್ಟೆವು, ಸರಿಹೋಯಿತು. ಡೆಮೊ ದಿನ ವಿವರಿಸಿದ್ದು ನಾನು. ಚಪ್ಪಾಳೆಯೂ ನನಗೆ. ವರದಿಯ ಕೊನೆಯ ಪುಟದಲ್ಲಿ ಯಾರ ಕೆಲಸ ಏನೆಂಬ ಪಟ್ಟಿ ಇರುತ್ತದೆ. ಮೊದಲ ದಿನ ಹಂಚಿದ್ದನ್ನೇ ತುಂಬಿಸಿದ್ದೆ. ಅವಳ ಹೆಸರಿನ ಮುಂದೆ ‘ಡಾಕ್ಯುಮೆಂಟೇಶನ್’.

ಈ ಸೆಮಿಸ್ಟರ್‌ನಲ್ಲಿ ಅವಳು ಒಂದು ಕಂಪನಿಯ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋದಳು. ಅವರು ವರದಿ ತಿರುವಿ ‘ಹಾಗಾದರೆ ನೀವು ರಿಪೋರ್ಟ್ ಬರೆದಿದ್ದು’ ಎಂದರಂತೆ. ಸಪ್ಲೈ ದೋಷ ಹುಡುಕಿದ್ದು ತಾನೇ ಎಂದು ಅವಳು ವಿವರಿಸಿದಳು. ಆದರೆ ಕಾಗದದಲ್ಲಿ ಹಾಗಿರಲಿಲ್ಲ. ಇಂಟರ್ನ್‌ಶಿಪ್ ಸಿಗಲಿಲ್ಲ. ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಅದು ಕಾರಣವೇ ಅಲ್ಲ ಎನ್ನುವ ಧೈರ್ಯವೂ ನನಗಿಲ್ಲ.

ಅವಳು ಇದನ್ನು ಕ್ಯಾಂಟೀನಿನಲ್ಲಿ ಸಿಟ್ಟಿಲ್ಲದೆ ಹೇಳಿದಾಗ ನನಗೆ ಕಾಣಿಸಿದ್ದು 1942ರ ಆ ಸಭೆ. ಅಷ್ಟು ದಿನ ಆ ಸಂಘದ ಗಂಡಸರನ್ನು ನೋಡಿ ನಗುತ್ತಿದ್ದೆ. ಮೇಜಿನ ತುದಿಯಲ್ಲಿ ಕೂತು ಕೆಲಸ ಹಂಚುತ್ತಿದ್ದವನು ನಾನೇ ಆಗಿದ್ದೆ. ಕೆಟ್ಟ ಉದ್ದೇಶ ನನಗಿರಲಿಲ್ಲ. ಬಹುಶಃ ಆ ಸಂಘದವರಿಗೂ ಇರಲಿಲ್ಲ. ಅವಳಿಗೆ ಗೌರವ ಕೊಟ್ಟಿದ್ದೇವೆ ಎಂದೇ ಅವರೂ ಅಂದುಕೊಂಡಿರಬೇಕು.

ಗೈಡ್ ಬಳಿ ಹೋಗಿ ನಡೆದದ್ದು ಹೇಳಿದೆ. ಪಟ್ಟಿಯ ಪುಟ ತಿದ್ದಿ ಮತ್ತೆ ಸಹಿ ಹಾಕಿಸಿದೆವು. ಹೋದ ಇಂಟರ್ನ್‌ಶಿಪ್ ಅದರಿಂದ ವಾಪಸು ಬರಲಿಲ್ಲ.

ಹಾಗಾಗಿ ಕಾಮಿಕ್ಸ್‌ನಲ್ಲಿ ಹೆಣ್ಣಿನ ಚಿತ್ರಣ ಬದಲಾಗಿದೆಯೇ ಎಂಬ ಪ್ರಶ್ನೆಯನ್ನು ನಾನೀಗ ಬಟ್ಟೆಯ ಅಳತೆಯಿಂದ ನೋಡುವುದಿಲ್ಲ. ಕಥೆಯಲ್ಲಿ ಅವಳ ಕೆಲಸವೇನು, ತೀರ್ಮಾನ ಯಾರದು, ಅವಳ ನೋವು ಯಾರ ಕಥೆಗೆ ಬಳಕೆಯಾಗುತ್ತಿದೆ, ಪುಟದ ಮೇಲೆ ಯಾರ ಹೆಸರಿದೆ ಎಂದು ನೋಡುತ್ತೇನೆ. ಪ್ಲೇಸ್‌ಮೆಂಟ್ ಸೀಸನ್ ಹತ್ತಿರದಲ್ಲಿರುವ ಗೆಳೆಯ ಗೆಳತಿಯರೇ, ನೀವು ನಿಮ್ಮ ಪ್ರಾಜೆಕ್ಟ್ ವರದಿಯ ಕೊನೆಯ ಪುಟವನ್ನೊಮ್ಮೆ ತೆಗೆದು ಇದೇ ಪ್ರಶ್ನೆಗಳನ್ನು ಕೇಳಿ ನೋಡಿ. ಹುಡುಗರು ಉತ್ತರ ಸಿಕ್ಕಿದ ಮೇಲೆ ಪುಟ ತಿದ್ದಿ. ಹುಡುಗಿಯರು ‘ನಿನ್ನ ಅಕ್ಷರ ಚೆನ್ನಾಗಿದೆ’ ಎಂದು ಯಾರಾದರೂ ಹೊಗಳಿದರೆ ಒಂದು ನಿಮಿಷ ತಡೆಯಿರಿ.

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ನಮ್ಮದು ಅದೇ ನಾಲ್ವರ ತಂಡ. ಈ ಸಲ ಲೀಡರ್ ಅವಳು. ಕೆಲಸ ಹಂಚುವಾಗ ನನ್ನ ಕಡೆ ತಿರುಗಿ ‘ರಿಪೋರ್ಟ್ ನೀನು ಬರಿ ಕಣೋ, ಪೇಪರಿಗೆಲ್ಲ ಬರೀತೀಯಲ್ಲ’ ಎಂದಳು. ಬರೆಯುತ್ತಿದ್ದೇನೆ. ಇದು ಅಷ್ಟು ಸಣ್ಣ ಕೆಲಸವೇನಲ್ಲ ಎಂದು ಈಗ ಗೊತ್ತಾಗುತ್ತಿದೆ. ಕೊನೆಯ ಪುಟದ ಪಟ್ಟಿಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ನಾಲ್ವರೂ ಕೂತು ತುಂಬಿಸುತ್ತೇವೆ.